19ನೇ ಕೀರ್ತನೆಯ ಸೂರ್ಯನನ್ನು ಕನ್ನಡಕ್ಕೆ ತರುವಾಗ

ಬೈಬಲಿನ 19ನೇ ಕೀರ್ತನೆಯಲ್ಲಿ ಸೂರ್ಯ ಕೋಣೆಯಿಂದ ಹೊರಟ ಮದುಮಗನ ಹಾಗೆ ಹೊರಗೆ ಬಂದು, ಶೂರನ ಹಾಗೆ ಖುಷಿಯಿಂದ ದಾರಿ ಓಡುತ್ತಾನೆ. ಮೈಸೂರಿನ ನಮ್ಮ ಕ್ರೈಸ್ತ ಸಭೆಯ ಹುಡುಗರು ಅದನ್ನು ಹಾಡು ಮಾಡಿಕೊಂಡು ತಂದರೆ, ನಾನು ಪೆನ್ನು ತೆಗೆದು ಮೊದಲು ಹೊಡೆದುಹಾಕುವುದು ರಥವನ್ನು. ರಥಸಪ್ತಮಿಗೆ 108 ಸೂರ್ಯನಮಸ್ಕಾರ ಹಾಕುವ ಊರು ಇದು. ಸೂರ್ಯ ಅಂದಕೂಡಲೇ ಏಳು ಕುದುರೆ, ಮುಂದೆ ಅರುಣ, ಎಲ್ಲ ತಾನಾಗಿ ಬಂದುಬಿಡುತ್ತವೆ. ಹೀಬ್ರೂ ಮೂಲದಲ್ಲಿ ಕುದುರೆಯೂ ಇಲ್ಲ, ರಥವೂ ಇಲ್ಲ, ಸೂರ್ಯ ತನ್ನ ಕಾಲಲ್ಲೇ ಓಡುತ್ತಾನೆ. ಇದು ಸಣ್ಣ ವಿಷಯವಲ್ಲ. ಯೆರೂಸಲೇಮಿನ ದೇವಾಲಯದ ಬಾಗಿಲಲ್ಲೇ ಯೂದದ ಅರಸರು ಸೂರ್ಯನಿಗೆಂದು ಕುದುರೆಗಳನ್ನು ಮೀಸಲಿಟ್ಟಿದ್ದರು. ಯೋಷೀಯ ಅರಸ ಅವನ್ನು ತೆಗೆಸಿ, ರಥಗಳನ್ನು ಸುಡಿಸಿದ. ಬೈಬಲಿನ ಎರಡನೇ ಅರಸುಗಳು 23:11 ತೆಗೆದು ನೋಡಿ. ಆ ನೆಲದ ಹಾಡು ಇದು. ಹಾಗಾಗಿ ‘ಸೂರ್ಯದೇವ’, ‘ಭಾಸ್ಕರ’ ಬೇಡ, ಬರೀ ಸೂರ್ಯ ಸಾಕು. ಅವನಿಗೆ ಆಕಾಶದಲ್ಲಿ ಗುಡಾರ ಹಾಕಿಕೊಟ್ಟವನು ದೇವರು. ಹಳೆಯ ಗ್ರೀಕ್ ಅನುವಾದದಲ್ಲಿ ದೇವರೇ ಸೂರ್ಯನಲ್ಲಿ ಗುಡಾರ ಹಾಕಿಕೊಂಡ ಎಂದಾಗಿದೆ. ನೀವು ಹೀಬ್ರೂ ಪ್ರಕಾರ ಹೋಗಿ.

ಇನ್ನು ಮದುಮಗ. ಮಂಡ್ಯದ ಕಡೆ ಗಂಡು ಅಂದರೆ ಚಪ್ಪರ, ಹಸೆಮಣೆ, ಬಾಸಿಂಗ. ಕೈ ಸುಮ್ಮನೆ ‘ಚಪ್ಪರದಿಂದ ಹೊರಟ’ ಅಂತ ಬರೆದುಬಿಡುತ್ತದೆ. ಇಲ್ಲಿರುವ ಹೀಬ್ರೂ ಪದ ಹುಪ್ಪಾ. ಇವತ್ತಿನ ಯೆಹೂದಿ ಮದುವೆಯಲ್ಲಿ ಅದು ಚಪ್ಪರವೇ ಹೌದು. ಆದರೆ ಯೋವೇಲ 2:16ರಲ್ಲಿ ಮದುಮಗ ತನ್ನ ಕೋಣೆಯಿಂದಲೂ ಮದುಮಗಳು ಹುಪ್ಪಾದಿಂದಲೂ ಹೊರಗೆ ಬರಲಿ ಎಂದು ಜೊತೆಗೇ ಹೇಳಿದೆ. ಅಲ್ಲಿ ಅದು ಒಳಕೋಣೆ. ನನ್ನ ಓದಿನಲ್ಲಿ ಇವನು ಧಾರೆಗೆ ಹೊರಟ ಗಂಡಲ್ಲ, ಪ್ರಸ್ತ ಮುಗಿದ ಬೆಳಿಗ್ಗೆ ಹೊರಗೆ ಬರುವ ಗಂಡು. ಮುಖದ ಕಳೆಯೇ ಬೇರೆ. ಸಭೆಯಲ್ಲಿ ಹಿರಿಯರು ಕೂತಿರುತ್ತಾರೆ, ‘ಪ್ರಸ್ತದ ಕೋಣೆ’ ಅಂತ ಹಾಡಿಸೋಕಾಗಲ್ಲ. ‘ಕೋಣೆಯಿಂದ’ ಅಂತಷ್ಟೇ ಬರೆಯಿರಿ, ಗೊತ್ತಾಗುವವರಿಗೆ ಗೊತ್ತಾಗುತ್ತದೆ.

ಶೂರನನ್ನು ಪೈಲ್ವಾನ್ ಮಾಡಬೇಡಿ, ದಸರಾ ಕುಸ್ತಿ ಕಣ್ಮುಂದೆ ಬರುತ್ತದೆ. ‘ಓಟದ ಪಂದ್ಯ’ವೂ ಬೇಡ. ದಾರಿ ಓಡುವುದೇ ಅವನಿಗೆ ಖುಷಿ; ಎದುರಾಳಿ ಯಾರೂ ಇಲ್ಲ.

6ನೇ ವಚನದ ಕೊನೆಗೆ ಬಂದಾಗ ನಿಧಾನಿಸಿ. ಹುಡುಗರು ಇಲ್ಲಿ ‘ಬೆಳಕು’ ಹಾಕಿಕೊಂಡು ಬರುತ್ತಾರೆ, ಇರುವುದು ಶಾಖ. ನಾನು ಬರೆಯುವುದು ಹೀಗೆ: ‘ಅವನ ಕಾವಿಗೆ ಮರೆಯಾದದ್ದು ಒಂದೂ ಇಲ್ಲ.’ ಬೆಳಕು ಬೇಡವಾದರೆ ಕದ ಹಾಕಿಕೊಳ್ಳಬಹುದು. ಏಪ್ರಿಲ್‌ನಲ್ಲಿ ಮಂಡ್ಯದ ಯಾವುದಾದರೂ ಶೀಟಿನ ಮನೆಯೊಳಗೆ ಮಧ್ಯಾಹ್ನ ಮೂರು ಗಂಟೆಗೆ ಕದ ಮುಚ್ಚಿಕೊಂಡು ಕೂತು ನೋಡಿ, ಕಾವು ಹೇಗೆ ಹುಡುಕಿಕೊಂಡು ಬರುತ್ತದೆ ಅಂತ.

ಆ ‘ಮರೆ’ಯನ್ನು ಜೋಪಾನ ಮಾಡಿ. 7ನೇ ವಚನದಿಂದ ಕೀರ್ತನೆ ಇದ್ದಕ್ಕಿದ್ದ ಹಾಗೆ ಧರ್ಮಶಾಸ್ತ್ರದ ಕಡೆ, ಅಂದರೆ ದೇವರು ಕೊಟ್ಟ ಆಜ್ಞೆಗಳ ಕಡೆ ಹೊರಳುತ್ತದೆ. ಎರಡು ಬೇರೆ ಪದ್ಯಗಳನ್ನು ಅಂಟಿಸಿದ್ದು ಅನ್ನುವ ಪಂಡಿತರೂ ಇದ್ದಾರೆ. ಇರಲಿ. ಆದರೆ 12ರಲ್ಲಿ ಕವಿ, ನನಗೇ ಮರೆಯಾದ ತಪ್ಪುಗಳಿಂದ ನನ್ನನ್ನು ಬಿಡಿಸು ಅಂತ ಬೇಡುತ್ತಾನೆ. ಹೀಬ್ರೂವಿನಲ್ಲಿ 6ರಲ್ಲಿ ನಿಸ್ತಾರ್, 12ರಲ್ಲಿ ನಿಸ್ತಾರೋತ್, ಎರಡಕ್ಕೂ ಒಂದೇ ಧಾತು. ಒಂದು ಕಡೆ ‘ಮರೆ’, ಇನ್ನೊಂದು ಕಡೆ ‘ಗುಪ್ತ’ ಅಂತ ಹಾಕಿದರೆ ಕೊಂಡಿ ಕಳಚಿಹೋಗುತ್ತದೆ. ನಡುವೆ 8ರಲ್ಲಿ ದೇವರ ಆಜ್ಞೆ ಕಣ್ಣನ್ನು ಬೆಳಗಿಸುತ್ತದೆ ಎಂಬ ಮಾತೂ ಇದೆ. ಸೂರ್ಯ ಹೊರಗೆ ಮಾಡುವ ಕೆಲಸವನ್ನೇ ದೇವರ ಮಾತು ಮನುಷ್ಯನ ಒಳಗೆ ಮಾಡುತ್ತಿದೆ. ಪ್ರಸಂಗ ಮಾಡುವವರು ಮದುಮಗನ ವರ್ಣನೆಯಲ್ಲೇ ಸಮಯ ಕಳೆಯದೆ ಇಲ್ಲಿಗೆ ಬರಬೇಕು.

ಒಂದು ತಾಪತ್ರಯ: ಹೀಬ್ರೂ ಪುಸ್ತಕಗಳಲ್ಲಿ ಶಿರೋನಾಮೆಯೇ 1ನೇ ವಚನ. ನಮ್ಮ 6 ಅಲ್ಲಿ 7. ವ್ಯಾಖ್ಯಾನ ತಿರುವಿಹಾಕುವಾಗ ಒಂದು ಕೂಡಿಸಿಕೊಳ್ಳಿ.

ಸೂರ್ಯನ ಬಗ್ಗೆ ಮೇಲೆ ಹೇಳಿದ್ದನ್ನೇ ಬೇರೆ ಕೀರ್ತನೆಗಳಿಗೆ ಹಾಕಬೇಡಿ. 84:11ರಲ್ಲಿ ದೇವರನ್ನೇ ಸೂರ್ಯ, ಗುರಾಣಿ ಅಂದಿದೆ; ಅಲ್ಲಿ ‘ಸೂರ್ಯ’ ಪದವನ್ನು ಮುಟ್ಟುವ ಹಾಗಿಲ್ಲ. 121:6ರಲ್ಲಿ ಸೂರ್ಯ ಹೊಡೆಯುವವನು. ಅಲ್ಲಿ ಸೂರ್ಯನನ್ನೇ ಬಿಟ್ಟು ‘ಹಗಲು ಬಿಸಿಲು ಬಡಿಯದು’ ಅಂತ ಬರೆದು ತಂದರೂ ನಾನು ತಿದ್ದಲ್ಲ.