ಸ್ಥಳೀಯ ಕ್ರೀಡಾ ರೇಡಿಯೋ ನಿರೂಪಕರಾಗಲು ಬೇಕಾದ ಸಿದ್ಧತೆ

ವೀಕ್ಷಕ ವಿವರಣೆಗಾರರ ಕಣ್ಣೆದುರಿಗೆ ಆಟ ನಡೆಯುತ್ತಿರುತ್ತದೆ. ಕ್ರೀಡಾ ಚರ್ಚೆಯ ನಿರೂಪಕರ ಮುಂದೆ ಇರುವುದು ಮೈಕ್, ಗಡಿಯಾರ ಮತ್ತು ಫೋನಿನಲ್ಲಿ ಕಾಯುತ್ತಿರುವ ಕೇಳುಗರು ಮಾತ್ರ. ಆದ್ದರಿಂದ ಈ ಎರಡು ಕೆಲಸಗಳ ಸಿದ್ಧತೆಯೂ ಬೇರೆ ಬೇರೆ. ನ್ಯೂಯಾರ್ಕ್‌ನ ಡಬ್ಲ್ಯುಎಫ್‌ಎಎನ್ ಕೇಂದ್ರವು 1987ರ ಜುಲೈ 1ರಂದು ದಿನವಿಡೀ ಕ್ರೀಡೆಗೇ ಮೀಸಲಾದ ಪ್ರಸಾರವನ್ನು ಆರಂಭಿಸಿದ ಬಳಿಕ ಈ ಬಗೆಯ ಕೇಂದ್ರಗಳು ಹೆಚ್ಚಿದವು.

ಹೆಸರಾಂತ ಮಾಜಿ ಆಟಗಾರರನ್ನು ಬಿಟ್ಟರೆ ಮೊದಲ ದಿನವೇ ಮೈಕಿನ ಮುಂದೆ ಕೂರುವವರು ವಿರಳ. ಕರೆಗಳನ್ನು ಸ್ವೀಕರಿಸುವುದು, ಧ್ವನಿತುಣುಕುಗಳನ್ನು ಕತ್ತರಿಸಿ ಜೋಡಿಸುವುದು, ತಡರಾತ್ರಿಯ ಪಾಳಿಯಲ್ಲಿ ಅಂಕಪಟ್ಟಿ ಓದುವುದು ಮುಂತಾದ ಕೆಲಸಗಳನ್ನು ಕೇಳಿ ಪಡೆದುಕೊಳ್ಳಿ. ಅದೇ ಡಬ್ಲ್ಯುಎಫ್‌ಎಎನ್‌ನಲ್ಲಿ 1989ರಿಂದ 2008ರವರೆಗೆ ಕ್ರಿಸ್ಟೊಫರ್ ರುಸ್ಸೊ ಅವರೊಂದಿಗೆ ಕಾರ್ಯಕ್ರಮ ನಡೆಸಿದ ಮೈಕ್ ಫ್ರಾನ್ಸೆಸಾ ಕೂಡ ಅದಕ್ಕೂ ಮುನ್ನ ಸಿಬಿಎಸ್ ವಾಹಿನಿಯ ಕ್ರೀಡಾ ವಿಭಾಗದಲ್ಲಿ ಮಾಹಿತಿ ಕಲೆಹಾಕುವ ಕೆಲಸದಲ್ಲಿದ್ದರು. ಕೇಂದ್ರಗಳಿಗೆ ಕಳುಹಿಸುವ ಧ್ವನಿಮಾದರಿ ಚಿಕ್ಕದಾಗಿರಲಿ, ಮೊದಲ ಅರ್ಧ ನಿಮಿಷದಲ್ಲೇ ನಿಮ್ಮ ಅತ್ಯುತ್ತಮ ಮಾತು ಬರಲಿ.

ಈ ವೃತ್ತಿಯ ಜೀವ ಇರುವುದು ಕೇಳುಗರ ಕರೆಗಳಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಕರೆ ಬಂದಾಗ ಸಹಾಯಕರು ಹೆಸರು, ಊರು ಮತ್ತು ಹೇಳಬೇಕಾದ ವಿಷಯವನ್ನು ಒಂದೇ ಸಾಲಿನಲ್ಲಿ ನಿರೂಪಕರ ಪರದೆಯ ಮೇಲೆ ಮೂಡಿಸುತ್ತಾರೆ. ಮೊದಲು ಕರೆ ಮಾಡಿದವರನ್ನೇ ಮೊದಲು ತೆಗೆದುಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ತರಬೇತುದಾರರನ್ನು ಬದಲಿಸಬೇಕೆಂದು ಈಗಷ್ಟೇ ಒಬ್ಬರು ವಾದಿಸಿದ್ದರೆ, ಅದನ್ನು ಒಪ್ಪದವರ ಕರೆಯನ್ನು ಮುಂದಕ್ಕೆ ತಂದುಕೊಳ್ಳಿ, ಆಗ ಚರ್ಚೆ ತಾನಾಗಿಯೇ ಕಾವೇರುತ್ತದೆ. ಮಾತನಾಡುತ್ತಿರುವವರು ತಮ್ಮ ಅಂಶವನ್ನು ಹೇಳಿ ಮುಗಿಸುವವರೆಗೆ ತಡೆಯದಿರುವುದು, ಹೇಳಿದ್ದನ್ನೇ ಹೇಳತೊಡಗಿದಾಗ ಅವರಿಗೆ ಬೇಸರವಾಗದಂತೆ ಮಾತು ಮುಗಿಸುವುದು, ಇವೆರಡೂ ಅಭ್ಯಾಸದಿಂದಷ್ಟೇ ಬರುತ್ತವೆ. ಅವಾಚ್ಯ ಮಾತು ಪ್ರಸಾರವಾಗದಿರಲೆಂದು ಅನೇಕ ಕೇಂದ್ರಗಳು ಕೆಲವು ಸೆಕೆಂಡು ತಡವಾಗಿ ಪ್ರಸಾರ ಮಾಡುತ್ತವೆ; ಅದನ್ನು ಅಳಿಸುವ ಗುಂಡಿ ಎಲ್ಲಿದೆಯೆಂಬುದು ನೋಡದೆಯೇ ಕೈಗೆ ತಿಳಿದಿರಬೇಕು. ರೇಡಿಯೋ ಕೇಳುಗರು ಯಾವ ಕ್ಷಣದಲ್ಲಾದರೂ ಬಂದು ಸೇರಿಕೊಳ್ಳುತ್ತಾರಾದ್ದರಿಂದ ಅತಿಥಿ ಯಾರು, ಚರ್ಚೆ ಯಾವುದರ ಬಗ್ಗೆ ಎಂಬುದನ್ನು ಆಗಾಗ ನೆನಪಿಸುತ್ತಿರಬೇಕು. ಜಾಹೀರಾತಿನ ವಿರಾಮಕ್ಕೆ ಹೋಗುವ ಮುನ್ನ ಮುಂದೆ ಬರಲಿರುವುದನ್ನು ಖಚಿತವಾಗಿ ಹೇಳಿ: “ಇನ್ನಷ್ಟು ಮಾತು ವಿರಾಮದ ನಂತರ” ಎನ್ನುವುದಕ್ಕಿಂತ “ಕೊನೆಯ ಓವರನ್ನು ಆ ಬೌಲರ್‌ಗೆ ಕೊಟ್ಟದ್ದೇಕೆಂದು ನಾಯಕರೇ ಹೇಳಲಿದ್ದಾರೆ” ಎಂಬ ಮಾತಿಗೆ ಕೇಳುಗರು ಕಾದು ಕೂರುತ್ತಾರೆ.

ರಾಷ್ಟ್ರೀಯ ತಂಡದ ಸುದ್ದಿ ಎಲ್ಲೆಡೆಯೂ ಸಿಗುತ್ತದೆ. ಸ್ಥಳೀಯ ನಿರೂಪಕರನ್ನು ಜನ ಕೇಳುವುದು ತಮ್ಮ ಊರಿನ ತಂಡದ ಮೂರನೆಯ ಗೋಲ್‌ಕೀಪರ್ ಯಾರೆಂದು ಬಲ್ಲವರೆಂಬ ಕಾರಣಕ್ಕೆ. ಅದಕ್ಕಾಗಿ ಅಭ್ಯಾಸದ ಅವಧಿಗಳಿಗೂ ಕಾಲೇಜು ಪಂದ್ಯಗಳಿಗೂ ಹೋಗಬೇಕು. ಯಾರನ್ನಾದರೂ ಕಟುವಾಗಿ ಟೀಕಿಸಿದ ಮರುದಿನ ಮೈದಾನಕ್ಕೆ ತಪ್ಪದೆ ಹೋಗಿ, ಅವರಿಗೆ ಎದುರಿನಲ್ಲೇ ಉತ್ತರಿಸುವ ಅವಕಾಶ ಕೊಡಿ. ಹಾಗೆ ಮಾಡುವವರ ಟೀಕೆಗೆ ಆಟಗಾರರೂ ಬೆಲೆ ಕೊಡುತ್ತಾರೆ. ಆಟದ ಬಗೆಗಿನ ಅಭಿಪ್ರಾಯ ಎಷ್ಟೇ ತೀಕ್ಷ್ಣವಾಗಿದ್ದರೂ ಅಡ್ಡಿಯಿಲ್ಲ. ಆದರೆ ಗಾಯ, ಮದ್ದು ಸೇವನೆ, ಖಾಸಗಿ ಬದುಕು ಇವುಗಳ ಕುರಿತು ಖಚಿತಪಡಿಸಿಕೊಳ್ಳದ ಮಾತನ್ನು ಆಡುವುದು ಅನ್ಯಾಯ ಮಾತ್ರವಲ್ಲ, ಮಾನನಷ್ಟ ಮೊಕದ್ದಮೆಗೂ ದಾರಿ.

ವಾರಕ್ಕೊಮ್ಮೆಯಾದರೂ ನಿಮ್ಮ ಕಾರ್ಯಕ್ರಮದ ಧ್ವನಿಮುದ್ರಣವನ್ನು ಅನುಭವಿಯೊಬ್ಬರ ಜೊತೆ ಕೂತು ಕೇಳಿ. ಕೆಲಸ ಖಾಯಂ ಆಗುವಾಗ ಒಪ್ಪಂದದಲ್ಲಿ ಸಂಬಳವನ್ನಷ್ಟೇ ನೋಡದೆ, ಕೇಂದ್ರ ಬಿಟ್ಟ ಮೇಲೆ ಅದೇ ಊರಿನ ಬೇರೆ ಕೇಂದ್ರದಲ್ಲಿ ಎಷ್ಟು ಕಾಲ ಮಾತನಾಡುವಂತಿಲ್ಲ, ಪಾಡ್‌ಕಾಸ್ಟ್‌ನ ಹಕ್ಕು ಯಾರದು ಎಂಬ ಷರತ್ತುಗಳನ್ನು ಸಹಿ ಹಾಕುವ ಮುನ್ನವೇ ವಕೀಲರಿಗೆ ತೋರಿಸಿ.