ಮಬ್ಬು ಬೆಳಕಿನ ಪ್ರನಾಳ: ದ್ಯುತಿಸಂಶ್ಲೇಷಣೆ ಮತ್ತು ಉಸಿರಾಟವನ್ನು ನಾನು ಕಲಿಸುವ ಬಗೆ

ಗಿಡಕ್ಕೆ ದ್ಯುತಿಸಂಶ್ಲೇಷಣೆ, ಪ್ರಾಣಿಗೆ ಉಸಿರಾಟ ಎಂಬ ಹಂಚಿಕೆ ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬರೀ ಮಾತಿಗೆ ಅದು ಕದಲುವುದಿಲ್ಲ. ಅದಕ್ಕೇ ನಾನು ಈ ಪಾಠವನ್ನು ವ್ಯತ್ಯಾಸಗಳ ಪಟ್ಟಿಯಿಂದ ಶುರುಮಾಡದೆ, ಹೈಡ್ರಿಲ್ಲಾ ಎಂಬ ನೀರ್ಗಿಡ ಮತ್ತು ಬ್ರೋಮೋಥೈಮಾಲ್ ಬ್ಲೂ ದ್ರಾವಣದಿಂದ ಶುರುಮಾಡುತ್ತೇನೆ.

ಆಮ್ಲೀಯತೆಗೆ ತಕ್ಕಂತೆ ಬಣ್ಣ ಬದಲಿಸುವ ಈ ಸೂಚಕ ಪಿಎಚ್ (ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚೆಂದು ತೋರುವ ಅಳತೆ) 7.6ರ ಮೇಲೆ ನೀಲಿ, 6ರ ಕೆಳಗೆ ಹಳದಿ, ನಡುವೆ ಹಸಿರು. ಕೊಳವೆಯಿಂದ ಮೆಲ್ಲಗೆ ಊದಿದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ, ನೀಲಿ ಹಸಿರಿಗೆ ತಿರುಗುತ್ತದೆ. ಅಲ್ಲಿಗೇ ನಿಲ್ಲಿಸಬೇಕು, ಹಸಿರಿದ್ದರೆ ಬಣ್ಣಕ್ಕೆ ಎರಡೂ ಕಡೆ ಸರಿಯಲು ಜಾಗವಿರುತ್ತದೆ. ನಾಲ್ಕು ಪ್ರನಾಳಗಳಿಗೆ ಇದನ್ನು ತುಂಬಿ, ಮೂರರಲ್ಲಿ ಒಂದೇ ಉದ್ದದ ಗಿಡದ ತುಂಡು ಹಾಕಿ, ಎಲ್ಲಕ್ಕೂ ಬಿರಡೆ ಹಾಕುತ್ತೇನೆ. ಗಿಡವಿರುವ ಒಂದು ಪ್ರನಾಳ ದೀಪದ ಹತ್ತಿರ, ಇನ್ನೊಂದು ಅಲ್ಯೂಮಿನಿಯಂ ಹಾಳೆಯೊಳಗೆ, ಮತ್ತೊಂದು ಮಬ್ಬು ಬೆಳಕಿನಲ್ಲಿ. ಗಿಡವಿಲ್ಲದ್ದು ಹೋಲಿಕೆಗೆ. ದೀಪ ಎಲ್‌ಇಡಿ ಆಗಿದ್ದರೆ ವಾಸಿ: ನೀರು ಬಿಸಿಯಾದರೆ ಕರಗಿದ ಅನಿಲ ಹೊರಬಿದ್ದು ಫಲಿತಾಂಶ ಕೆಡುತ್ತದೆ.

ದೀಪದ ಹತ್ತಿರದ್ದು ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಕೆಲವೇ ಗಂಟೆಗಳಲ್ಲಿ ನೀಲಿಗೆ ಸರಿಯುತ್ತದೆ. ಕತ್ತಲೆಯದ್ದು ಅದೇ ಅನಿಲ ಹೆಚ್ಚಾಗಿ ಮರುದಿನದ ಹೊತ್ತಿಗೆ ಹಳದಿಯತ್ತ. ಮಬ್ಬು ಬೆಳಕಿನದ್ದು ಹೆಚ್ಚುಕಡಿಮೆ ಹಸಿರಾಗೇ ಉಳಿಯುತ್ತದೆ. "ಇಲ್ಲಿ ಗಿಡ ಸುಮ್ಮನಿದೆಯೇ?" ಎಂದು ಕೇಳುತ್ತೇನೆ. ಇಡೀ ಪಾಠದ ಜೀವ ಈ ಪ್ರಶ್ನೆಯಲ್ಲೇ ಇದೆ. ಗಿಡ ಸುಮ್ಮನಿಲ್ಲ, ಉಸಿರಾಟ ಹೊರಹಾಕಿದಷ್ಟೇ ಇಂಗಾಲದ ಡೈಆಕ್ಸೈಡನ್ನು ದ್ಯುತಿಸಂಶ್ಲೇಷಣೆ ಒಳಗೆಳೆಯುತ್ತಿದೆ. ಇಂಥ ಬೆಳಕಿನ ಮಟ್ಟವೇ ಸರಿದೂಗುವ ಬಿಂದು. ದೀಪದಿಂದ ಎಷ್ಟು ದೂರಕ್ಕೆ ಅದು ಸಿಗುತ್ತದೆಂದು ಮೊದಲೇ ನೋಡಿಟ್ಟುಕೊಳ್ಳಬೇಕು, ಆ ಶ್ರಮ ಸಾರ್ಥಕ. ಹಸಿರು ಭಾಗಗಳು ಬೆಳಕಲ್ಲಿ ಗಾಳಿಯನ್ನು ಶುದ್ಧಗೊಳಿಸುತ್ತವೆ, ಕತ್ತಲಲ್ಲಿ ಕೆಡಿಸುತ್ತವೆ ಎಂದು ವಿಜ್ಞಾನಿ ಯಾನ್ ಇಂಗೆನ್‌ಹೌಸ್ 1779ರಲ್ಲೇ ಬರೆದಿದ್ದ ಸಂಗತಿಯನ್ನು ಇಲ್ಲಿ ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ.

ಸಮೀಕರಣಗಳನ್ನು ಬರೆಯುವುದು ಆಮೇಲೆ. ಒಂದು ಇನ್ನೊಂದರ ತಿರುವುಮುರುವಿನಂತೆ ಕಂಡರೂ ದಾರಿ ಬೇರೆ. ಬೆಳಕಲ್ಲಿ ಹೊರಬರುವ ಆಮ್ಲಜನಕ ನೀರಿನದು. 1941ರಲ್ಲಿ ವಿಜ್ಞಾನಿಗಳಾದ ರೂಬೆನ್, ಕೇಮನ್ ಮತ್ತು ಸಂಗಡಿಗರು ಆಮ್ಲಜನಕ-18 (ಆಮ್ಲಜನಕದ ಹೆಚ್ಚು ಭಾರದ ರೂಪ) ಬಳಸಿ ಇದಕ್ಕೆ ಪುರಾವೆ ಒದಗಿಸಿದರು. ಉಸಿರಾಟದಲ್ಲಿ ಆಮ್ಲಜನಕ ಕೊನೆಯ ಹಂತದಲ್ಲಿ ಎಲೆಕ್ಟ್ರಾನ್ ಪಡೆದು ಮತ್ತೆ ನೀರಾಗುತ್ತದೆ. ದ್ಯುತಿಸಂಶ್ಲೇಷಣೆ ನಡೆಯುವ ಹಸಿರು ಕಣವಾದ ಕ್ಲೋರೋಪ್ಲಾಸ್ಟ್ ತಯಾರಿಸುವ ಎಟಿಪಿ (ಜೀವಕೋಶದಲ್ಲಿ ಶಕ್ತಿ ಒದಗಿಸುವ ಅಣು) ಬಹುಪಾಲು ಸಕ್ಕರೆ ಕಟ್ಟಲೆಂದೇ ಅಲ್ಲೇ ಖರ್ಚಾಗುತ್ತದೆ. ಹಾಗಾಗಿ ಉಳಿದ ಕೆಲಸಗಳ ಶಕ್ತಿಗಾಗಿ ಎಲೆಗೂ ಉಸಿರಾಟ ನಡೆಸುವ ಮೈಟೋಕಾಂಡ್ರಿಯಾ ಬೇಕು.

ಬೇರಿನ ಗತಿಯೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಬೇರಿನಂತೆಯೇ ಹಸಿರಿಲ್ಲದ, ಈಗಷ್ಟೇ ಮೊಳಕೆಯೊಡೆದ ಕಾಳುಗಳನ್ನು ಅದೇ ದ್ರಾವಣದ ಮೇಲೆ ಬಲೆಬಟ್ಟೆಯಲ್ಲಿ ತೂಗುಹಾಕಿ ಬಿರಡೆ ಮುಚ್ಚುತ್ತೇವೆ. ಬೆಳಕಲ್ಲಿಟ್ಟರೂ ಕತ್ತಲಲ್ಲಿಟ್ಟರೂ ಹಳದಿಯೇ.