ಬೋರ್‌ವೆಲ್ ನೀರಿನ ಗಡಸುತನ: ± ಆದಮೇಲಿನ ಅಂಕಿ ಎಲ್ಲಿಂದ ಬರುತ್ತದೆ?

ನೀರಿನ ಲ್ಯಾಬ್‌ಗೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಮೊದಲು ಕೇಳುವುದು ಅನ್‌ಸರ್ಟೆನ್ಟಿಯ, ಅಂದರೆ ಉತ್ತರ ಎಷ್ಟು ಆಚೀಚೆ ಇರಬಹುದು ಎಂದು ± ಆದಮೇಲೆ ಬರೆಯುವ ಅಂಕಿಯ, ಎಕ್ಸೆಲ್ ಶೀಟ್. ನಾನು ಕೊಡುವುದಿಲ್ಲ. ಬೇರೆಯವರ ಬ್ಯೂರೆಟ್, ಬೇರೆಯವರ ಕಣ್ಣು ನಿಮ್ಮ ರಿಪೋರ್ಟಿಗೆ ಯಾಕೆ? ಇಡಿಟಿಎ ಟೈಟ್ರೇಶನ್ (ಗಡಸುತನ ಕೊಡುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿಯುವ ಇಡಿಟಿಎ ದ್ರಾವಣವನ್ನು ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಬಣ್ಣ ತಿರುಗುವ ತನಕ ಹನಿಸಿ ಅಳೆಯುವುದು) ಇಟ್ಟುಕೊಂಡು ನೀವೇ ಲೆಕ್ಕ ಹಾಕಿ.

ನೀರಿನ ಪರೀಕ್ಷೆಯ ಭಾರತೀಯ ಮಾನಕ ಐಎಸ್ 3025ರ 21ನೇ ಭಾಗದ ವಿಧಾನವನ್ನು ಇದ್ದ ಹಾಗೇ ಬಳಸಿದರೆ ವಿಧಾನವೇ ಸರಿ ಎಂದು ಮೊದಲಿಂದ ಸಾಬೀತು ಮಾಡುವ ಪೂರ್ತಿ ವ್ಯಾಲಿಡೇಶನ್ ಬೇಡ. ನಿಮ್ಮ ಕೈಯಲ್ಲೂ ಅದು ಸರಿಯಾಗಿ ಬರುತ್ತದೆ ಎಂದು ತೋರಿಸುವ ವೆರಿಫಿಕೇಶನ್ ಸಾಕು. ಕ್ಯಾಲ್ಸಿಯಂ ಕಾರ್ಬೋನೇಟಿನಿಂದ ಗೊತ್ತಿರುವ ಗಡಸುತನದ ದ್ರಾವಣ ಮಾಡಿ, ಉತ್ತರ ಎಷ್ಟು ಹತ್ತಿರ ಬರುತ್ತದೆ ನೋಡಿ. ವಿಧಾನದಲ್ಲಿ ಏನಾದರೂ ಬದಲಾಯಿಸಿದರೆ ಮಾತು ಬೇರೆ.

ಆಮೇಲೆ ಒಂದೇ ಮಾದರಿಯನ್ನು ಹತ್ತು ಸಲ ಟೈಟ್ರೇಟ್ ಮಾಡಿ. ಆದರೆ ಒಬ್ಬರೇ, ಒಂದೇ ಮಧ್ಯಾಹ್ನ ಕೂತು ಮುಗಿಸಬೇಡಿ. ಹಾಗೆ ಮಾಡಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಬೇರೆ ಬೇರೆ ದಿನ, ಬೇರೆ ಬೇರೆಯವರು ಮಾಡಲಿ. ಟೈಟ್ರೇಶನ್ ಮುಗಿದ ಹಂತವನ್ನು, ಅಂದರೆ ಎಂಡ್‌ಪಾಯಿಂಟನ್ನು, ಬಣ್ಣದಿಂದ ತೋರಿಸುವ ಇಬಿಟಿ ಇಂಡಿಕೇಟರ್ ಕೆಂಪಿನಿಂದ ನೀಲಿಗೆ ತಿರುಗುವಾಗ ಒಬ್ಬರು ನೇರಳೆಗೇ ನಿಲ್ಲಿಸುತ್ತಾರೆ, ಇನ್ನೊಬ್ಬರು ಕೆಂಪಿನ ಛಾಯೆ ಪೂರ್ತಿ ಹೋಗುವ ತನಕ ಕಾಯುತ್ತಾರೆ. ಜಾಸ್ತಿ ವ್ಯತ್ಯಾಸ ಹುಟ್ಟುವುದೇ ಇಲ್ಲಿ. ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ ಇಡಿ, ಕೊನೆಯ ಹನಿಗಳನ್ನು ನಿಧಾನವಾಗಿ ಬಿಡಿ. ಪಿಎಚ್ ಹಿಡಿದಿಡುವ ಬಫರ್ ಹಾಕಿದ 5 ನಿಮಿಷದೊಳಗೆ ಮುಗಿಸಿ, ಇಲ್ಲದಿದ್ದರೆ ಕಾರ್ಬೋನೇಟ್ ತಳಕ್ಕೆ ಕೂರಬಹುದು.

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ. 25 ಮಿ.ಲೀ. ಮಾದರಿಗೆ 0.01 ಮೋಲಾರ್ ಇಡಿಟಿಎ 14.95 ಮಿ.ಲೀ. ಹಿಡಿಯಿತು ಎನ್ನಿ. ಗಡಸುತನ, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ, ಲೀಟರಿಗೆ 598 ಮಿ.ಗ್ರಾಂ. ಹತ್ತು ಟೈಟ್ರೇಶನ್‌ಗಳ ಸ್ಟ್ಯಾಂಡರ್ಡ್ ಡೀವಿಯೇಶನ್ (ಉತ್ತರಗಳ ಹರಡಿಕೆ) 0.12 ಮಿ.ಲೀ. ಆದರೆ ಅದು 0.80%. 50 ಮಿ.ಲೀ. ಕ್ಲಾಸ್ ಎ ಬ್ಯೂರೆಟ್ಟಿನ ಟಾಲರೆನ್ಸ್ (ತಪ್ಪಬಹುದಾದ ಮಿತಿ) ±0.05 ಮಿ.ಲೀ. ಅದನ್ನು ಸ್ಟ್ಯಾಂಡರ್ಡ್ ಡೀವಿಯೇಶನ್ ರೂಪಕ್ಕೆ ತರಲು 1.732ರಿಂದ (3ರ ವರ್ಗಮೂಲ) ಭಾಗಿಸಿ 14.95 ಮಿ.ಲೀ. ಟೈಟರ್‌ಗೆ ಹೋಲಿಸಿದರೆ 0.19%. ಮಾದರಿ ಅಳೆಯುವ ±0.03 ಮಿ.ಲೀ. ಪಿಪೆಟ್ಟಿಗೆ, 25 ಮಿ.ಲೀ.ಗೆ ಹೋಲಿಸಿ, ಹೀಗೇ 0.07%. ಇಡಿಟಿಎ ಸಾಂದ್ರತೆಗೆ, ಅದನ್ನು ಗೊತ್ತಿರುವ ದ್ರಾವಣಕ್ಕೆ ಹೋಲಿಸಿ ಕಂಡುಹಿಡಿಯುವ ನಿಮ್ಮ ಸ್ಟ್ಯಾಂಡರ್ಡೈಸೇಶನ್‌ನಿಂದ 0.3% ಬಂತು ಎಂದುಕೊಳ್ಳಿ.

ಇವನ್ನು ಸುಮ್ನೆ ಕೂಡಿಸುವಂತಿಲ್ಲ. ಒಂದೊಂದರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ: 0.88%. ಅಂದರೆ ಸುಮಾರು 5.3 ಮಿ.ಗ್ರಾಂ. ಶೇಕಡಾ 95ರ ಭರವಸೆಗೆ 2ರಿಂದ ಗುಣಿಸಿದರೆ ರಿಪೋರ್ಟಿನಲ್ಲಿ 598 ± 11. ಪಿಪೆಟ್ ಇಲ್ಲಿ ಲೆಕ್ಕಕ್ಕೇ ಇಲ್ಲ, ನೋಡಿದಿರಾ? ದುಬಾರಿ ಗಾಜಿಗೆ ಸುರಿಯುವ ದುಡ್ಡಿಗಿಂತ ಎಂಡ್‌ಪಾಯಿಂಟ್ ತರಬೇತಿಗೆ ಕೊಡುವ ಒಂದು ಬೆಳಗ್ಗೆ ಮೇಲು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ, ಬೇರೆ ನೀರಿನ ಮೂಲ ಇಲ್ಲದಿದ್ದಾಗ ಒಪ್ಪುವ ಮಿತಿ 600. ± 11 ಸೇರಿದರೆ ಮಿತಿಯ ಎರಡೂ ಬದಿಗೆ ಬೀಳಬಹುದಾದ ನಮ್ಮ 598 ಪಾಸೋ, ಫೇಲೋ? ಅದನ್ನು ನಿರ್ಧರಿಸುವ ನಿಯಮ ರಿಪೋರ್ಟ್ ಟೈಪ್ ಮಾಡುವಾಗ ಹುಟ್ಟಬಾರದು. ಗ್ರಾಹಕರಿಗೆ ಪಾಸ್, ಫೇಲ್ ಹೇಳಬೇಕಿದ್ದರೆ ±ಅನ್ನು ಹೇಗೆ ಪರಿಗಣಿಸುತ್ತೀರಿ ಎಂದು ಮಾದರಿ ತೆಗೆದುಕೊಳ್ಳುವಾಗಲೇ ಮಾತಾಡಿ ಬರೆದಿಟ್ಟುಕೊಳ್ಳಿ. ಐಎಸ್‌ಒ/ಐಇಸಿ 17025ರ (ಲ್ಯಾಬ್‌ಗಳ ಸಾಮರ್ಥ್ಯದ ಅಂತರರಾಷ್ಟ್ರೀಯ ಮಾನಕ) 2017ರ ಆವೃತ್ತಿಯೂ ಅದನ್ನೇ ಕೇಳುತ್ತದೆ.